ಬೆರಿ ಹಣ್ಣು ಮತ್ತು ಫ್ಯಾಟಿ ಲಿವರ್: ಅರ್ಧ ದಾರಿ ಕ್ರಮಿಸಿದ ಸಂಶೋಧನೆ

2012ರಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ಜಾಲತಾಣದಲ್ಲಿದ್ದ ಬಹು ಜನಪ್ರಿಯ ಪಟ್ಟಿಯೊಂದನ್ನು ತೆಗೆದುಹಾಕಿತು. ಯಾವ ಹಣ್ಣಿಗೆ, ಯಾವ ತರಕಾರಿಗೆ, ಯಾವ ಮಸಾಲೆಗೆ ಎಷ್ಟು ‘ಆಂಟಿಆಕ್ಸಿಡೆಂಟ್’ ಶಕ್ತಿ ಇದೆ ಎಂದು ಅಂಕಿ ಕೊಡುತ್ತಿದ್ದ ‘ಓರಾಕ್’ ಪಟ್ಟಿ ಅದು. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅಳೆದ ಆ ಅಂಕಿಗೂ ಮನುಷ್ಯನ ದೇಹದೊಳಗೆ ನಡೆಯುವುದಕ್ಕೂ ನಂಟಿಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ದುರ್ಬಳಕೆ ಮಾಡಿಕೊಳ್ಳುತ್ತಿವೆ ಎಂಬುದು ಇಲಾಖೆಯೇ ಕೊಟ್ಟ ಕಾರಣ. ಪಟ್ಟಿ ಹೋಯಿತು. ಅದು ಬಿತ್ತಿದ ನಂಬಿಕೆ ಮಾತ್ರ ಹಾಗೇ ಉಳಿಯಿತು. ಬಣ್ಣ ಗಾಢವಾದಷ್ಟೂ ಲಿವರ್ ಸ್ವಚ್ಛವಾಗುತ್ತದೆ ಎಂಬ ಭರವಸೆಯ ಮೇಲೆಯೇ ಬ್ಲೂಬೆರಿ ಪುಡಿ, ಕ್ರ್ಯಾನ್‌ಬೆರಿ ಮಾತ್ರೆ, ಅಸಾಯಿ ಪೇಯಗಳು ಇಂದಿಗೂ ಮಾರಾಟವಾಗುತ್ತಿವೆ.

ಈ ಭರವಸೆ ತಪ್ಪು ದಾರಿಯದು. ಬೆರಿ ಹಣ್ಣುಗಳಿಗೂ ಬೊಜ್ಜಿನಿಂದ ಬರುವ ಯಕೃತ್ತಿನ ಕಾಯಿಲೆಗೂ ನಡುವೆ ಏನೋ ಇದೆ ಎಂದು ಕಳೆದ ಎರಡು ದಶಕಗಳ ಸಂಶೋಧನೆ ತೋರಿಸಿರುವುದು ನಿಜ. ಆದರೆ ಆ ನಂಟು ಮೊದಲು ಊಹಿಸಿದ ಜಾಗದಲ್ಲಿ ಸಿಗಲಿಲ್ಲ, ಕರುಳಿನಲ್ಲಿ ಸಿಕ್ಕಿತು. ಸಿಕ್ಕದ್ದು ಮಾತ್ರೆಯ ರೂಪದಲ್ಲೂ ಅಲ್ಲ.

ಬಣ್ಣದ ರಸಾಯನದ ಕಥೆ ಹಳೆಯದು, ಚಿಕ್ಕದಾಗಿ ಹೇಳಿದರೆ ಸಾಕು. ಹೂವು, ಹಣ್ಣುಗಳ ಕೆಂಪು, ನೇರಳೆ, ನೀಲಿ ಬಣ್ಣಗಳಿಗೆ ಮೂಲವಾದ ‘ಆಂಥೋಸಯಾನಿನ್’ ಹೆಸರನ್ನು ಜರ್ಮನಿಯ ಮಾರ್ಕ್ವಾರ್ಟ್ 1835ರಲ್ಲೇ ಬಳಸಿದ್ದ. ಸಸ್ಯ ವರ್ಣಕಗಳ ಅಧ್ಯಯನಕ್ಕಾಗಿ ರಿಚರ್ಡ್ ವಿಲ್‌ಸ್ಟೇಟರ್ 1915ರ ನೊಬೆಲ್ ಪಡೆದ. ಮುಂದಿನ ಅರ್ಧ ಶತಮಾನಕ್ಕೂ ಮಿಕ್ಕಿ ಈ ಅಣುಗಳು ರಸಾಯನ ತಜ್ಞರ ಸೊತ್ತಾಗಿಯೇ ಉಳಿದವು. ವೈದ್ಯರಿಗೆ ಅವುಗಳಿಂದ ಆಗಬೇಕಾದದ್ದೇನೂ ಇರಲಿಲ್ಲ.

ಕಾಯಿಲೆಯ ಚರಿತ್ರೆಯಾದರೋ ತೀರಾ ಇತ್ತೀಚಿನದು. ಮದ್ಯ ಮುಟ್ಟದವರ ಯಕೃತ್ತಿನಲ್ಲೂ ಕುಡುಕರ ಯಕೃತ್ತಿನಲ್ಲಿ ಕಾಣುವಂಥದ್ದೇ ಕೊಬ್ಬು, ಉರಿಯೂತ, ಗಾಯದ ಗುರುತು ಇರುವುದನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗನ್ ಲುಡ್‌ವಿಗ್ ಮತ್ತು ಸಂಗಡಿಗರು 1980ರಲ್ಲಿ ಕೇವಲ 20 ರೋಗಿಗಳನ್ನು ಮುಂದಿಟ್ಟುಕೊಂಡು ವರದಿ ಮಾಡಿದರು. ಇವತ್ತು ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಫ್ಯಾಟಿ ಲಿವರ್ ಇದೆ ಎಂಬ ಅಂದಾಜಿದೆ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಇಲ್ಲಿನ ವಯಸ್ಕರಲ್ಲಿ ಅದರ ಪ್ರಮಾಣ ಶೇ 38.6. ಬೇರಾವುದೋ ಕಾರಣಕ್ಕೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ, ರಿಪೋರ್ಟಿನಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂದು ಓದಿಕೊಂಡವರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ಬಹುಪಾಲು ಜನರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಕೊಬ್ಬಿನ ಬೆನ್ನಿಗೆ ಉರಿಯೂತ ಬರುತ್ತದೆ, ಉರಿಯೂತದ ಬೆನ್ನಿಗೆ ನಾರುಗಟ್ಟುವಿಕೆ, ಕೊನೆಗೆ ಸಿರೋಸಿಸ್.

ಯಾರಲ್ಲಿ ನಿಲ್ಲುತ್ತದೆ, ಯಾರಲ್ಲಿ ಮುಂದುವರಿಯುತ್ತದೆ? ಇದಕ್ಕೆ 1998ರಲ್ಲಿ ಬ್ರಿಟನ್ನಿನ ಡೇ ಮತ್ತು ಜೇಮ್ಸ್ ಕೊಟ್ಟ ಉತ್ತರ ‘ಎರಡು ಪೆಟ್ಟಿನ’ ವಾದ. ಮೊದಲ ಪೆಟ್ಟು ಕೊಬ್ಬು, ಎರಡನೆಯದು ಆಕ್ಸಿಡೀಕರಣದ ಒತ್ತಡ. ಬೆರಿ ಹಣ್ಣುಗಳು ಈ ರಂಗಕ್ಕೆ ಬಂದದ್ದು ಈ ಬಾಗಿಲಿನಿಂದ. ಎರಡನೇ ಪೆಟ್ಟು ಆಕ್ಸಿಡೀಕರಣವಾದರೆ ಅದನ್ನು ತಡೆಯುವ ವಸ್ತು ತುಂಬಿದ ಹಣ್ಣು ಮದ್ದಾಗಬೇಕಲ್ಲವೇ? ಅರುಣ್ ಸನ್ಯಾಲ್ ನೇತೃತ್ವದಲ್ಲಿ ಮಧುಮೇಹವಿಲ್ಲದ 247 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 96 ವಾರ ವಿಟಮಿನ್ ಇ ತೆಗೆದುಕೊಂಡವರಲ್ಲಿ ಶೇ 43 ಮಂದಿಯ ಯಕೃತ್ತು ಸುಧಾರಿಸಿತು. ಹುಸಿ ಮಾತ್ರೆ ನುಂಗಿದವರಲ್ಲಿ ಶೇ 19 ಮಾತ್ರ. ಆಂಟಿಆಕ್ಸಿಡೆಂಟ್ ವಾದಕ್ಕೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿರಲಿಲ್ಲ. ಆದರೆ ವಿಟಮಿನ್ ಇ ರಕ್ತಕ್ಕೆ ಸೇರಿ ಯಕೃತ್ತಿಗೆ ತಲುಪುವ ವಸ್ತು. ಬೆರಿಯ ವರ್ಣಕ ಹಾಗಲ್ಲ ಎಂಬುದನ್ನು ಆ ಉತ್ಸಾಹದಲ್ಲಿ ಹೆಚ್ಚಿನವರು ಗಮನಿಸಲಿಲ್ಲ.

ಇಲಿಗಳ ಮೇಲಿನ ಪ್ರಯೋಗ ಇಷ್ಟರಲ್ಲಾಗಲೇ ಭರದಿಂದ ಸಾಗಿತ್ತು. ಜಪಾನಿನ ತಕನೋರಿ ತ್ಸುದ ಮತ್ತು ಸಂಗಡಿಗರು ನೇರಳೆ ಬಣ್ಣದ ಮೆಕ್ಕೆಜೋಳದ ವರ್ಣಕವನ್ನು ಕೊಬ್ಬಿನ ಆಹಾರದೊಡನೆ ಇಲಿಗಳಿಗೆ ಕೊಟ್ಟು, ಬೊಜ್ಜು ಮತ್ತು ರಕ್ತದ ಸಕ್ಕರೆ ಎರಡೂ ಏರದಂತೆ ತಡೆದದ್ದನ್ನು 2003ರಲ್ಲಿ ಪ್ರಕಟಿಸಿದರು. ಅಲ್ಲಿಂದ ಹಿಡಿದು ಬ್ಲೂಬೆರಿ, ಬ್ಲ್ಯಾಕ್‌ಬೆರಿ, ಹಿಪ್ಪುನೇರಳೆ, ಗೋಜಿ, ಹೀಗೆ ಪ್ರತಿ ಹಣ್ಣಿಗೂ ಒಂದೊಂದು ಇಲಿ ಪ್ರಬಂಧ ಹುಟ್ಟಿತು. ಅವುಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ಅಚ್ಚು ಮುರಿದ ಎರಡು ಪ್ರಬಂಧಗಳನ್ನು ಮಾತ್ರ ನೆನಪಿಡಬೇಕು.

ಒಂದು, ಅರ್ಕನ್ಸಾಸಿನ ರೊನಾಲ್ಡ್ ಪ್ರಯರ್ ತಂಡ 2008ರಲ್ಲಿ ಪ್ರಕಟಿಸಿದ್ದು. ಬ್ಲೂಬೆರಿಯಿಂದ ಬೇರ್ಪಡಿಸಿದ ಆಂಥೋಸಯಾನಿನ್ ಇಲಿಗಳ ಬೊಜ್ಜನ್ನು ತಡೆಯಿತು. ಒಣಗಿಸಿದ ಇಡೀ ಬ್ಲೂಬೆರಿಯ ಪುಡಿ ತಡೆಯಲಿಲ್ಲ. ಇನ್ನೊಂದು, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ್ದು, 2014ರದು. ಕೊಬ್ಬಿನ ಆಹಾರ ತಿನ್ನುತ್ತಿದ್ದ ಇಲಿಗಳಿಗೆ ಹಲವು ಬಗೆಯ ಬೆರಿಗಳನ್ನು ಕೊಟ್ಟು ಹೋಲಿಸಿದಾಗ ಲಿಂಗನ್‌ಬೆರಿ, ಬ್ಲ್ಯಾಕ್‌ಕರೆಂಟ್, ಬಿಲ್ಬೆರಿಗಳು ತೂಕ ಏರದಂತೆ ತಡೆದವು. ಜಗತ್ತಿನಾದ್ಯಂತ ‘ಸೂಪರ್‌ಫುಡ್’ ಎಂದು ಕೊಂಡಾಡಿಸಿಕೊಂಡಿದ್ದ ಅಸಾಯಿ ತಿಂದ ಇಲಿಗಳು ಮಾತ್ರ ಇನ್ನಷ್ಟು ದಪ್ಪಗಾದವು, ಅವುಗಳ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿತು. ಬೆರಿ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಕಟ್ಟಿಹಾಕುವಂತಿಲ್ಲ ಎಂಬುದು ಆಗಲೇ ತಿಳಿದಿತ್ತು. ಮಾರುಕಟ್ಟೆ ಕೇಳಿಸಿಕೊಳ್ಳಲಿಲ್ಲ.

ಈ ನಡುವೆ ಕಾಯಿಲೆಯ ಬಗೆಗಿನ ತಿಳಿವೂ ಬದಲಾಗುತ್ತಿತ್ತು. ಬೊಜ್ಜು ಬಂದ ಇಲಿಗಳ ಕೊಬ್ಬಿನ ಅಂಗಾಂಶವೇ ಟಿಎನ್‌ಎಫ್ ಆಲ್ಫಾ ಎಂಬ ಉರಿಯೂತದ ಪ್ರೋಟೀನನ್ನು ಉತ್ಪಾದಿಸುತ್ತದೆಂದು 1993ರಲ್ಲಿ ಹೊತಾಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ತೋರಿಸಿದ್ದರು. ಆ ಅಂಗಾಂಶದೊಳಕ್ಕೆ ರಕ್ಷಣಾ ಕೋಶಗಳು ಗುಂಪುಗುಂಪಾಗಿ ನುಗ್ಗಿ ಕುಳಿತಿರುವುದು 2003ರಲ್ಲಿ ಕಂಡಿತು. 2007ರಲ್ಲಿ ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ಕೊಬ್ಬಿನ ಆಹಾರ ತಿಂದ ಇಲಿಗಳ ಕರುಳಿನಿಂದ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು, ಎಲ್‌ಪಿಎಸ್ ಎಂಬ ವಿಷವಸ್ತು, ರಕ್ತಕ್ಕೆ ಸೋರುತ್ತವೆ. ಯಕೃತ್ತಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದ ಮೂಲಕವೇ ಬರುವುದರಿಂದ ಸೋರಿದ್ದು ಮೊದಲು ಮುಟ್ಟುವುದು ಯಕೃತ್ತನ್ನು. ಅಲ್ಲಿ ಕಾವಲಿಗಿರುವ ಕುಫರ್ ಕೋಶಗಳು ಅದನ್ನು ಶತ್ರುವೆಂದು ಗುರುತಿಸಿ ಉರಿಯೂತ ಎಬ್ಬಿಸುತ್ತವೆ. ಪಕ್ಕದ ಸ್ಟೆಲೇಟ್ ಕೋಶಗಳು ಎಚ್ಚೆತ್ತು ನಾರು ನೇಯತೊಡಗುತ್ತವೆ. ಎರಡು ಪೆಟ್ಟಿನ ಸರಳ ವಾದ ಅಲ್ಲಿಗೆ ಸಾಲದಾಯಿತು. ಕರುಳು, ಕೊಬ್ಬಿನ ಅಂಗಾಂಶ, ಅನುವಂಶೀಯತೆ, ಆಹಾರ ಎಲ್ಲವೂ ಏಕಕಾಲಕ್ಕೆ ಹೊಡೆಯುತ್ತವೆ ಎಂಬ ‘ಬಹು ಪೆಟ್ಟಿನ’ ವಾದವನ್ನು 2010ರಲ್ಲಿ ಟಿಲ್ಗ್ ಮತ್ತು ಮೊಶೆನ್ ಮುಂದಿಟ್ಟರು.

ಬೆರಿ ಸಂಶೋಧನೆಯ ನಿಜವಾದ ತಿರುವು ಇಲ್ಲಿಂದ ಶುರು. ತಿಂದ ಆಂಥೋಸಯಾನಿನ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಹುಕಾಲ ಅಸ್ಪಷ್ಟವಾಗಿತ್ತು. ರಕ್ತದಲ್ಲಿ ಹುಡುಕಿದರೆ ಶೇಕಡಾ ಒಂದರಷ್ಟೂ ಸಿಗುತ್ತಿರಲಿಲ್ಲ. ಬ್ರಿಟನ್ನಿನ ಕಾಲಿನ್ ಕೇ ತಂಡ ಇಂಗಾಲದ ವಿಶೇಷ ಐಸೊಟೋಪಿನಿಂದ ಗುರುತು ಹಾಕಿದ 500 ಮಿಲಿಗ್ರಾಂ ಆಂಥೋಸಯಾನಿನ್‌ನ್ನು ಎಂಟು ಪುರುಷರಿಗೆ ಕೊಟ್ಟು, ಅದರ ಜಾಡನ್ನು ಉಸಿರು, ಮೂತ್ರ, ಮಲ, ರಕ್ತಗಳಲ್ಲಿ ಹಿಡಿದು 2013ರಲ್ಲಿ ಲೆಕ್ಕ ಕೊಟ್ಟಿತು. ಸುಮಾರು ಶೇ 12ರಷ್ಟು ದೇಹಕ್ಕೆ ಸೇರಿತ್ತು. ಆದರೆ ಸೇರಿದ್ದರಲ್ಲಿ ಹೆಚ್ಚಿನದು ಮೂಲ ವರ್ಣಕವಾಗಿ ಉಳಿದಿರದೆ ಒಡೆದು ಬೇರೆ ಬೇರೆ ಚಿಕ್ಕ ಅಣುಗಳಾಗಿತ್ತು. ಮಿಕ್ಕಿದ್ದು ಇಳಿಯುವುದು ದೊಡ್ಡ ಕರುಳಿಗೆ. ಅಲ್ಲಿ ಕಾದಿರುವ ಸೂಕ್ಷ್ಮಾಣುಗಳಿಗೆ ಅದೇ ಆಹಾರ.

ಕೆನಡಾದ ಕ್ವಿಬೆಕ್ ನಗರದ ಲಾವಾಲ್ ವಿಶ್ವವಿದ್ಯಾಲಯದಲ್ಲಿ ಆಂದ್ರೆ ಮಾರೆಟ್ ಮತ್ತು ಈವ್ ದೆಜಾರ್ದಾನ್ ಕಟ್ಟಿದ ತಂಡ ಹಿಡಿದದ್ದು ಈ ಎಳೆಯನ್ನೇ. ಒಬ್ಬರು ಬೊಜ್ಜು ಮತ್ತು ಇನ್ಸುಲಿನ್ ತಜ್ಞ, ಇನ್ನೊಬ್ಬರು ತೋಟಗಾರಿಕೆ ಬಲ್ಲವರು. ಈ ಕೂಟದಿಂದ ಹುಟ್ಟಿದ, ಫರ್ನಾಂಡೊ ಆನ್ಯೆ ಮೊದಲ ಲೇಖಕನಾಗಿರುವ 2015ರ ಪ್ರಬಂಧ ಈ ಕ್ಷೇತ್ರದ ಅತ್ಯಂತ ಮುಖ್ಯ ಬರಹಗಳಲ್ಲೊಂದು. ಕೊಬ್ಬು ಮತ್ತು ಸಕ್ಕರೆ ತುಂಬಿದ ಆಹಾರ ತಿನ್ನುವ ಇಲಿಗಳಿಗೆ ಎಂಟು ವಾರ ಕ್ರ್ಯಾನ್‌ಬೆರಿ ಸಾರ ಕೊಟ್ಟರು. ತೂಕ ಕಡಿಮೆ ಏರಿತು, ಯಕೃತ್ತಿನ ಕೊಬ್ಬು ಮತ್ತು ಉರಿಯೂತ ತಗ್ಗಿತು, ರಕ್ತದಲ್ಲಿ ಎಲ್‌ಪಿಎಸ್ ಇಳಿಯಿತು. ಕರುಳಿನಲ್ಲಿ ‘ಅಕ್ಕರ್ಮೆನ್ಸಿಯಾ’ ಎಂಬ ಬ್ಯಾಕ್ಟೀರಿಯಾದ ಸಂಖ್ಯೆ ಹಲವು ಪಟ್ಟು ಬೆಳೆದಿತ್ತು. ಕರುಳಿನ ಲೋಳೆಪದರದಲ್ಲೇ ಬದುಕುವ ಈ ಜೀವಿಯನ್ನು ನೆದರ್ಲೆಂಡ್ಸಿನ ವಾಗೆನಿಂಗೆನ್‌ನಲ್ಲಿ 2004ರಲ್ಲಷ್ಟೇ ಗುರುತಿಸಿದ್ದರು. ಅದಿದ್ದಲ್ಲಿ ಲೋಳೆಪದರ ದಪ್ಪಗಿರುತ್ತದೆ, ಸೋರಿಕೆ ನಿಲ್ಲುತ್ತದೆ ಎಂದು ಕಾನಿ 2013ರಲ್ಲಿ ತೋರಿಸಿದ್ದರು. ಎರಡೂ ತುದಿಗಳು ಹೀಗೆ ಒಂದಕ್ಕೊಂದು ಸೇರಿದವು. ಹಣ್ಣು ಯಕೃತ್ತನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. ಯಕೃತ್ತಿಗೆ ಬರುವ ರಕ್ತ ಸ್ವಚ್ಛವಾಗಿದ್ದರೆ ಸಾಕು.

ಕ್ರ್ಯಾನ್‌ಬೆರಿಯಲ್ಲಿ ಆಂಥೋಸಯಾನಿನ್‌ಗಿಂತಲೂ ಮುಖ್ಯವಾದದ್ದು ಪ್ರೊಆಂಥೋಸಯಾನಿಡಿನ್ ಎಂಬ ಒಗರು ಅಣುಗಳು. ಅವು ಎಷ್ಟು ದೊಡ್ಡವೆಂದರೆ ಸಣ್ಣ ಕರುಳು ಅವನ್ನು ಹೀರಿಕೊಳ್ಳುವುದೇ ಕಷ್ಟ. ಹೀರಿಕೆಯಾಗದ್ದೆಲ್ಲ ವ್ಯರ್ಥ ಎಂದು ಭಾವಿಸಿದ್ದವರಿಗೆ ಇದು ದೊಡ್ಡ ಪಾಠ. ಸ್ಪೇನಿನ ಮುರ್ಸಿಯಾದಲ್ಲಿ ತೊಮಾಸ್-ಬಾರ್ಬೆರಾನ್ ಮತ್ತು ಎಸ್ಪಿನ್ ತಂಡ ರಾಸ್ಪ್‌ಬೆರಿ, ಸ್ಟ್ರಾಬೆರಿ, ದಾಳಿಂಬೆಗಳ ಎಲ್ಲಾಜಿಟ್ಯಾನಿನ್‌ಗಳ ಬೆನ್ನು ಹತ್ತಿ ಇದೇ ಬಗೆಯ ನಿಜವನ್ನು ಕಂಡಿತ್ತು: ಕರುಳಿನ ಸೂಕ್ಷ್ಮಾಣುಗಳು ಅವನ್ನು ‘ಯುರೊಲಿಥಿನ್’ಗಳಾಗಿ ಮಾರ್ಪಡಿಸುತ್ತವೆ, ಆದರೆ ಎಲ್ಲರ ಕರುಳೂ ಒಂದೇ ಬಗೆಯ ಯುರೊಲಿಥಿನ್ ಮಾಡುವುದಿಲ್ಲ, ಕೆಲವರದು ಮಾಡುವುದೇ ಇಲ್ಲ. ಒಂದೇ ಹಣ್ಣು ಒಬ್ಬರಿಗೆ ಹತ್ತಿ ಇನ್ನೊಬ್ಬರಿಗೆ ಹತ್ತದಿರುವುದಕ್ಕೆ ಇಂಥ ಕಾರಣ ಸಿಕ್ಕಿರುವಾಗ, ಪ್ರಯೋಗಗಳ ಸರಾಸರಿಯನ್ನೇ ನೋಡಿ ‘ಕೆಲಸ ಮಾಡುತ್ತದೆ’, ‘ಮಾಡುವುದಿಲ್ಲ’ ಎಂದು ತೀರ್ಪು ಕೊಡುವುದು ಅವಸರ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜಿ-ಯಂಗ್ ಲೀ ತಂಡ ನಡೆದದ್ದು ಇನ್ನೊಂದು ದಾರಿಯಲ್ಲಿ. ಇಲಿಗಳಿಗೆ ಬರೀ ಕೊಬ್ಬು ತುಂಬಿಸಿ ನಿಲ್ಲಿಸದೆ, ಉರಿಯೂತ ಮತ್ತು ನಾರುಗಟ್ಟುವ ಹಂತದವರೆಗೂ ಕಾಯಿಲೆಯನ್ನು ಬೆಳೆಸಿ, ಬ್ಲ್ಯಾಕ್‌ಕರೆಂಟ್ ಅದನ್ನು ತಡೆಯುವುದನ್ನು 2019ರಲ್ಲಿ ತೋರಿಸಿತು. ಸಾವು ನೋವಿಗೆ ಕಾರಣವಾಗುವುದು ಕೊಬ್ಬಿಗಿಂತ ಹೆಚ್ಚಾಗಿ ಆ ನಾರು. ಅಳೆಯಲು ಸುಲಭವಾದ ಕೊಬ್ಬನ್ನೇ ಅಳೆದು ಕೈತೊಳೆದುಕೊಂಡ ನೂರಾರು ಪ್ರಬಂಧಗಳ ನಡುವೆ ಈ ಹಟ ಮೆಚ್ಚಬೇಕಾದದ್ದು.

ಇಲಿಯಿಂದ ಮನುಷ್ಯನಿಗೆ ಬಂದರೆ ಮೊದಲು ಹೋಗಬೇಕಾದದ್ದು ಫಿನ್ಲೆಂಡಿಗೆ. ಅಲ್ಲಿ ಕಾಡಿನ ಒಡೆಯ ಯಾರೇ ಆಗಿರಲಿ, ಬೆರಿ ಕೊಯ್ಯುವ ಹಕ್ಕು ಎಲ್ಲರದು. ಹೃದಯಾಘಾತದಿಂದ ಗಂಡಸರು ಅಕಾಲದಲ್ಲಿ ಸಾಯುತ್ತಿದ್ದ ಉತ್ತರ ಕರೇಲಿಯಾದಲ್ಲಿ 1972ರಲ್ಲಿ ಪೆಕ್ಕ ಪುಸ್ಕ ಮುಂದಾಳತ್ವದಲ್ಲಿ ಶುರುವಾದ ಆರೋಗ್ಯ ಯೋಜನೆ ಬೆಣ್ಣೆ ಬಿಡಿಸುವುದರ ಜೊತೆಗೆ, ಹೈನುಗಾರಿಕೆ ನೆಚ್ಚಿದ್ದ ರೈತರು ಬೆರಿ ಬೆಳೆಗೆ ಹೊರಳಲು ಎಂಬತ್ತರ ದಶಕದಲ್ಲಿ ಕೈಹಿಡಿಯಿತು. ಬೆರಿಯನ್ನು ಔಷಧವಾಗಿ ನೋಡದೆ ಊಟವಾಗಿ ನೋಡುವ ಪರಂಪರೆ ಅಲ್ಲಿನ ಸಂಶೋಧಕರಿಗೆ ಹೀಗೆ ಸಹಜವಾಗಿ ಬಂದಿತ್ತು. ತುರ್ಕು ವಿಶ್ವವಿದ್ಯಾಲಯದವರು 61 ಮಹಿಳೆಯರನ್ನು ಸೇರಿಸಿಕೊಂಡು, ಅವರಲ್ಲಿ ಒಂದು ಗುಂಪಿಗೆ 20 ವಾರ ದಿನಾಲೂ ಸುಮಾರು 163 ಗ್ರಾಂನಷ್ಟು ಉತ್ತರದ ಬೆರಿಗಳು ಹೊಟ್ಟೆಗೆ ಸೇರುವಂತೆ ಮಾಡಿ 2010ರಲ್ಲಿ ಫಲಿತಾಂಶ ಕೊಟ್ಟರು. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಎಸ್‌ಜಿಪಿಟಿ ಎಂದು ಬರುವ ಯಕೃತ್ತಿನ ಕಿಣ್ವ ಸರಾಸರಿ 20.29ರಿಂದ 15.66ಕ್ಕೆ ಇಳಿದಿತ್ತು. ಕುವೋಪಿಯೊದಲ್ಲಿ ಮಾರ್ಯುಕ್ಕ ಕೊಲೆಹ್ಮಾಯ್ನೆನ್ ತಂಡ ಮೆಟಬಾಲಿಕ್ ಸಿಂಡ್ರೋಮ್ ಇದ್ದವರಿಗೆ ಎಂಟು ವಾರ ದಿನಕ್ಕೆ 400 ಗ್ರಾಂ ತಾಜಾ ಬಿಲ್ಬೆರಿಗೆ ಸಮನಾದಷ್ಟು ಹಣ್ಣು ಕೊಟ್ಟಿತು. ತೂಕ ಬದಲಾಗಲಿಲ್ಲ, ಸಕ್ಕರೆ ಬದಲಾಗಲಿಲ್ಲ. ರಕ್ತದಲ್ಲಿನ ಉರಿಯೂತದ ಸೂಚಕಗಳು ಮಾತ್ರ ಇಳಿದವು. 27 ಜನರ ಪುಟ್ಟ ಪ್ರಯೋಗ, ನಿಜ. ಆದರೂ ತೂಕ ಇಳಿಯದೆಯೇ ಉರಿಯೂತ ಇಳಿಯಬಲ್ಲದು ಎಂಬ ಸುಳಿವು ದೊಡ್ಡದು. ಕ್ವಿಬೆಕ್‌ನ ಇಲಿಗಳು ಹೇಳಿದ ಮಾತಿಗೆ ಅದು ಹೊಂದುತ್ತದೆ.

ಸಾರವನ್ನು ಮಾತ್ರೆ ಮಾಡಿ ಕೊಟ್ಟವರೂ ಬರಿಗೈಯಲ್ಲಿ ಬರಲಿಲ್ಲ. ಚೀನಾದಲ್ಲಿ ಫ್ಯಾಟಿ ಲಿವರ್ ಇದ್ದ 74 ಮಂದಿಗೆ 12 ವಾರ ದಿನಕ್ಕೆ 320 ಮಿಲಿಗ್ರಾಂ ಶುದ್ಧ ಆಂಥೋಸಯಾನಿನ್ ಅಥವಾ ಹುಸಿ ಮಾತ್ರೆ ಕೊಟ್ಟ ಪ್ರಯೋಗದಲ್ಲಿ (2015) ಎಸ್‌ಜಿಪಿಟಿ ಶೇ 19ರಷ್ಟು ತಗ್ಗಿತು. ಇರಾನಿನ ಕ್ರ್ಯಾನ್‌ಬೆರಿ ಮಾತ್ರೆಯ ಪ್ರಯೋಗದಲ್ಲಿ (2020) ಇನ್ಸುಲಿನ್ ಪ್ರತಿರೋಧ ಸುಧಾರಿಸಿದರೂ ಎಸ್‌ಜಿಪಿಟಿ ಹುಸಿ ಮಾತ್ರೆಯವರೂ ಸೇರಿ ಎರಡೂ ಗುಂಪುಗಳಲ್ಲಿ ಇಳಿಯಿತು. ಬ್ಲೂಬೆರಿಯ ಕಥೆಯೂ ಇಂಥದ್ದೇ. ಲೂಸಿಯಾನದ ಪೆನಿಂಗ್ಟನ್ ಕೇಂದ್ರದಲ್ಲಿ 32 ಮಂದಿಯ ಮೇಲೆ ಆರು ವಾರ ನಡೆದ 2010ರ ಪ್ರಯೋಗ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಹೆಚ್ಚಿತೆಂದಿತು. 115 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ಆರು ತಿಂಗಳು ನಡೆದ 2019ರ ಪ್ರಯೋಗದಲ್ಲಿ ರಕ್ತನಾಳಗಳು ಸುಧಾರಿಸಿದವು, ಇನ್ಸುಲಿನ್ ಪ್ರತಿರೋಧ ಕದಲಲಿಲ್ಲ. ದೊಡ್ಡದೂ ದೀರ್ಘವೂ ಆದ ಪ್ರಯೋಗದ ಮಾತಿಗೆ ಹೆಚ್ಚು ಬೆಲೆ ಕೊಡಬೇಕು.

ಇವೆಲ್ಲದರಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಎಸ್‌ಜಿಪಿಟಿ ಇಳಿದರೆ ಯಕೃತ್ತಿನ ಕೊಬ್ಬು ಇಳಿಯಿತೆಂದು ಅರ್ಥವಲ್ಲ. ನಾರು ಕರಗಿತೆಂದಂತೂ ಅಲ್ಲವೇ ಅಲ್ಲ. ಎಂಆರ್‌ಐ ಯಂತ್ರದಿಂದ ಕೊಬ್ಬನ್ನು ನೇರ ಅಳೆಯುವ ವಿಧಾನ ಕೈಯಲ್ಲಿದೆ. ಇಸ್ರೇಲಿನ ದಿಮೋನಾದಲ್ಲಿ ಐರಿಸ್ ಶೈ ತಂಡ 294 ಜನರ ಮೇಲೆ 18 ತಿಂಗಳು ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮಾದರಿ. ಅಲ್ಲಿ ಬೆರಿ ಮುಖ್ಯವಾಗಿರಲಿಲ್ಲ. ಅಕ್ರೋಟು, ಹಸಿರು ಚಹಾ, ಮಂಕಾಯ್ ಎಂಬ ನೀರುಸೊಪ್ಪು, ಕಡಿಮೆ ಮಾಂಸ ಇದ್ದವು. ಬೆರಿಯ ವರ್ಣಕಗಳೂ ಸೇರುವ ಪಾಲಿಫಿನಾಲ್ ಎಂಬ ಸಸ್ಯವಸ್ತುಗಳು ಹೆಚ್ಚಿದ್ದ ಆ ಗುಂಪಿನಲ್ಲಿ ಯಕೃತ್ತಿನ ಕೊಬ್ಬು ಶೇ 38.9ರಷ್ಟು ತಗ್ಗಿತು, ಸಾಮಾನ್ಯ ಮೆಡಿಟರೇನಿಯನ್ ಊಟದವರಲ್ಲಿ ಶೇ 19.6. ಇಡೀ ಊಟ ಬದಲಾದಾಗ ಬಂದ ಫಲ ಇದು, ಒಂದು ಡಬ್ಬಿಯಿಂದ ಬಂದದ್ದಲ್ಲ.

2024ರಲ್ಲಿ ಅಮೆರಿಕ ಈ ಕಾಯಿಲೆಗೆ ರೆಸ್ಮೆಟಿರೋಮ್ ಎಂಬ ಮೊದಲ ಔಷಧಕ್ಕೆ ಒಪ್ಪಿಗೆ ಕೊಟ್ಟಿತು, 2025ರಲ್ಲಿ ಸೆಮಾಗ್ಲುಟೈಡ್‌ಗೆ. ಆದರೂ ತೂಕ ಇಳಿಸುವುದರ ಮಹತ್ವ ಕುಂದಿಲ್ಲ: ಕ್ಯೂಬಾದಲ್ಲಿ ಒಂದು ವರ್ಷ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 10ರಷ್ಟು ತೂಕ ಇಳಿಸಿಕೊಂಡವರಲ್ಲಿ ಶೇ 90 ಮಂದಿಯ ಯಕೃತ್ತಿನ ಉರಿಯೂತ ಮಾಯವಾಗಿತ್ತು. ಬೆರಿ ಇದಕ್ಕೆ ಬದಲಿಯಲ್ಲ, ಜೊತೆಗಾರ.

ಸಾರ ಮತ್ತು ಹಣ್ಣು ಬೇರೆ ಬೇರೆ ಎನ್ನುವುದಕ್ಕೆ ಪಶ್ಚಿಮಘಟ್ಟದಲ್ಲೇ ಒಂದು ಕಹಿ ಉದಾಹರಣೆಯಿದೆ. ಉತ್ತರ ಕನ್ನಡದವರ ಸಾರಿಗೆ ಹುಳಿ ಕೊಡುವ ಉಪ್ಪಾಗೆಯ, ಅಂದರೆ ಕೊಡವರ ಕಾಚಂಪುಳಿಗೂ ಮೂಲವಾದ ಅದೇ ಹಣ್ಣಿನ, ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಪ್ರಕಟಿಸಿದರು. ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಆ ಆಮ್ಲ ತಡೆಯುತ್ತದೆಂದು ಅಮೆರಿಕದಲ್ಲಿ ತಿಳಿದದ್ದೇ ತಡ, ಅದು ತೂಕ ಇಳಿಸುವ ಮಾತ್ರೆಯಾಯಿತು. 135 ಮಂದಿಯ ಮೇಲೆ ನಡೆದ 1998ರ ಪ್ರಯೋಗದಲ್ಲಿ ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಆ ಮಾತ್ರೆ ನುಂಗಿದ ಕೆಲವರ ಯಕೃತ್ತು ತೀವ್ರವಾಗಿ ಹಾಳಾಗಿ, ಕಸಿ ಮಾಡಬೇಕಾದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ತಲೆಮಾರುಗಳಿಂದ ಅಡುಗೆಯಲ್ಲಿ ಬಳಸಿದ ಹುಳಿಯೇ ಸಾಂದ್ರ ಸಾರವಾದಾಗ ಬೇರೆ ವಸ್ತುವಾಯಿತು. ಬೆರಿ ಮಾತ್ರೆಗಳ ಜಾಹೀರಾತು ಓದುವವರು ಈ ಪ್ರಕರಣವನ್ನೂ ಓದಬೇಕು.

ಸಕ್ಕರೆಯ ಮಾತೂ ಇದೆ. ಅಮೆರಿಕದ 11ರಿಂದ 16 ವರ್ಷದ, ಫ್ಯಾಟಿ ಲಿವರ್ ಇದ್ದ 40 ಹುಡುಗರ ಪ್ರಯೋಗದಲ್ಲಿ (2019) ಸಕ್ಕರೆ ಮತ್ತು ಹಣ್ಣಿನ ಜ್ಯೂಸು ಬಿಟ್ಟವರ ಯಕೃತ್ತಿನ ಕೊಬ್ಬು ಎಂಟೇ ವಾರಗಳಲ್ಲಿ ಶೇ 25ರಿಂದ ಶೇ 17ಕ್ಕೆ ಇಳಿಯಿತು. ಪುನರ್ಪುಳಿಯ ಸಿಪ್ಪೆಯಲ್ಲಿ ಒಳ್ಳೆಯ ಆಂಥೋಸಯಾನಿನ್ ಇದೆ. ಅದನ್ನು ಸಕ್ಕರೆ ಪಾಕದ ಶರಬತ್ತು ಮಾಡಿ ಕುಡಿದರೆ ಯಕೃತ್ತಿಗೆ ಮೊದಲು ತಲುಪುವುದು ಸಕ್ಕರೆ. ಸಕ್ಕರೆಯಿಲ್ಲದ ಪುನರ್ಪುಳಿ ಸಾರು ಕರಾವಳಿಯ ಊಟದಲ್ಲಿ ಹಿಂದಿನಿಂದಲೂ ಇದೆ.

ಬ್ಲೂಬೆರಿಯ ಮೇಲೆ ಇಷ್ಟೊಂದು ಪ್ರಯೋಗ ನಡೆಯಲು ಹಣ್ಣಿನ ಗುಣವೊಂದೇ ಕಾರಣವಲ್ಲ. ಅಮೆರಿಕದ ಬೆಳೆಗಾರರ ಮಂಡಳಿ ತನ್ನ ಸದಸ್ಯರಿಂದ ಸುಂಕ ಸಂಗ್ರಹಿಸಿ ಆರೋಗ್ಯ ಸಂಶೋಧನೆಗೆ ಹಣ ಕೊಡುತ್ತದೆ. ಅಂಥ ಬೆಂಬಲ ನೇರಳೆಯ ಬೆನ್ನಿಗಿಲ್ಲ. ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಮೂರೂ ವರ್ಣಕಗಳು ತುಂಬಿದ, ಒಗರು ಟ್ಯಾನಿನ್‌ಗಳೂ ಇರುವ ನೇರಳೆಯ ಮೇಲೆ ನಮ್ಮಲ್ಲಿ ನಡೆದ ಅಧ್ಯಯನಗಳು ಹೆಚ್ಚಾಗಿ ಮಧುಮೇಹಕ್ಕೆಂದು ಬೀಜದ ಪುಡಿಯ ಮೇಲಿನವು. ತಿರುಳು ಹಿಂದೆ ಉಳಿದಿದೆ. ನೆಲ್ಲಿಯ ಎಲ್ಲಾಜಿಟ್ಯಾನಿನ್‌ಗಳನ್ನು ಇಲಿಗಳ ಮೇಲೆ ಪರೀಕ್ಷಿಸಿದವರಲ್ಲಿ ಜಪಾನಿನವರು ಮುಂಚೂಣಿಯಲ್ಲಿದ್ದರು. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ಕರ್ನಾಟಕದಲ್ಲಿ ಹಿಪ್ಪುನೇರಳೆ ಎಂದರೆ ಎಲೆ ಮಾತ್ರ. ಹಣ್ಣು ಬಿಡುವ ಮೊದಲೇ ಗಿಡ ಕತ್ತರಿಸುತ್ತಾರೆ.

ಇಲ್ಲಿನ ರೋಗಿಯೂ ಬೇರೆ. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಕೌಶಿಕ್ ದಾಸ್, ಅಭಿಜಿತ್ ಚೌಧುರಿ ಮೊದಲಾದವರು ನಡೆಸಿದ ಸಮೀಕ್ಷೆಯಲ್ಲಿ (2010) ಫ್ಯಾಟಿ ಲಿವರ್ ಇದ್ದವರ ಪೈಕಿ ಮುಕ್ಕಾಲು ಭಾಗ ಜನರ ಬಿಎಂಐ 25ಕ್ಕಿಂತ ಕಡಿಮೆಯಿತ್ತು. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ದಪ್ಪ ಅಮೆರಿಕನ್ನರ ಮೇಲೆ ಮಾಡಿದ ಪ್ರಯೋಗದ ಫಲ ಇವರಿಗೂ ಅನ್ವಯಿಸುತ್ತದೆ ಎಂದು ಭಾವಿಸಿಕೊಳ್ಳಲು ಆಧಾರವಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು, ಆದ್ದರಿಂದ ತಪಾಸಣೆಗೆ ಬರುವವರ ಕೊರತೆಯೂ ಇಲ್ಲ. ಜೂನ್–ಜುಲೈನಲ್ಲಿ ರಾಶಿ ಬೀಳುವ ನೇರಳೆಯ ತಿರುಳನ್ನು ಸಕ್ಕರೆ ಬೆರೆಸದೆ ಶೀತಲಗೃಹದಲ್ಲಿಟ್ಟರೆ ವರ್ಷವಿಡೀ ಕೊಡಬಹುದು. ಇಂಥ ನೂರು ಮಂದಿ ತೆಳ್ಳನೆಯ ರೋಗಿಗಳು, ಆರು ತಿಂಗಳ ಅವಧಿ, ಮೊದಲೊಂದು ಕೊನೆಗೊಂದು ಎಂಆರ್‌ಐ, ಕರುಳಿನ ಸೂಕ್ಷ್ಮಾಣುಗಳ ಪರೀಕ್ಷೆಗೆ ಮಲದ ಮಾದರಿ, ಜೊತೆಗೆ ರಕ್ತದ ಎಲ್‌ಪಿಎಸ್: ಮಂಗಳೂರು, ಮೈಸೂರು, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳಲ್ಲಿ ಈಗಿರುವ ಸೌಲಭ್ಯದಲ್ಲೇ ಇಷ್ಟನ್ನು ಮಾಡಬಹುದು.